ಲೆಕ್ಕದ ಕಂಪ್ಯೂಟರಿನಲ್ಲಿ ಯಾರಿಗೆ ಎಷ್ಟು ಅಧಿಕಾರ

ಕಾರ್ಕಳದ ಕಡೆಯ ರಸ್ತೆ ಬಂದು ರಾಷ್ಟ್ರೀಯ ಹೆದ್ದಾರಿ 66ನ್ನು ಸೇರುವ ಪಡುಬಿದ್ರಿಯಲ್ಲಿ, ಹಾಗೆಯೇ ಅದರ ಆಸುಪಾಸಿನ ಕಾಪು, ಉಡುಪಿ, ಮಣಿಪಾಲ, ಕಾರ್ಕಳಗಳಲ್ಲಿ, ಕಟ್ಟಡ ಸಾಮಗ್ರಿಯ ಅಂಗಡಿ, ಅಕ್ಕಿ ಗಿರಣಿ, ಗೇರುಬೀಜ ಕಾರ್ಖಾನೆ, ಹೋಟೆಲು, ಸಾಗಾಟದ ಕಚೇರಿ, ಲೆಕ್ಕಪರಿಶೋಧಕರ ಕಚೇರಿ ಮುಂತಾದ ಅನೇಕ ಕಡೆ ದಿನದ ವಹಿವಾಟೆಲ್ಲ ಈಗ ಕಂಪ್ಯೂಟರಿನಲ್ಲಿಯೇ ದಾಖಲಾಗುತ್ತದೆ. ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆಯ ‘ಟ್ಯಾಲಿ’ ಈ ಕೆಲಸಕ್ಕೆ ಎಷ್ಟು ರೂಢಿಯಾಗಿದೆಯೆಂದರೆ, ಲೆಕ್ಕ ಬರೆಯುವವರನ್ನು ಸೇರಿಸಿಕೊಳ್ಳುವಾಗ ಟ್ಯಾಲಿ ಬರುತ್ತದೆಯೇ ಎಂದು ಕೇಳುವುದೇ ವಾಡಿಕೆ. ಇಂಥ ಕಚೇರಿಗಳಲ್ಲಿ ಮತ್ತೆ ಮತ್ತೆ ತಲೆದೋರುವ ತೊಂದರೆಯೊಂದಿದೆ: ಹೊಸ ಕಂಪ್ಯೂಟರಿನಲ್ಲಿ ಮಾಲಕರ ಖಾತೆಯಿಂದ ತೆರೆದರೆ ಸರಿಯಾಗಿ ನಡೆಯುವ ಲೆಕ್ಕದ ತಂತ್ರಾಂಶ, ಗುಮಾಸ್ತರ ಖಾತೆಯಿಂದ ತೆರೆದಾಗ ಕಂಪನಿಯನ್ನು ತೋರಿಸುವುದಿಲ್ಲ, ಅಥವಾ ತೋರಿಸಿದರೂ ವೋಚರನ್ನು ಉಳಿಸಿಕೊಳ್ಳುವುದಿಲ್ಲ, ಅಥವಾ ಜಿಎಸ್‌ಟಿ ರಿಟರ್ನಿಗೆ ಬೇಕಾದ ಫೈಲನ್ನು ಹೊರತೆಗೆಯಲು ಒಪ್ಪುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವ ಉಪಾಯವೆಂದರೆ ಗುಮಾಸ್ತರಿಗೂ ಅಡ್ಮಿನ್ ಪಾಸ್‌ವರ್ಡನ್ನು ಹೇಳಿಬಿಡುವುದು. ಕೆಲಸ ಕೂಡಲೇ ಸಾಗುತ್ತದೆ, ಆದರೆ ತಡೆ ಎಲ್ಲಿತ್ತೆಂಬುದು ಯಾರಿಗೂ ತಿಳಿಯದೆ ಉಳಿಯುತ್ತದೆ, ಮತ್ತು ಆ ಕಂಪ್ಯೂಟರಿನಲ್ಲಿ ಮುಂದೆ ಆಗುವ ಯಾವ ಅನಾಹುತಕ್ಕೂ ಮಿತಿಯೆಂಬುದು ಇರುವುದಿಲ್ಲ.

ವಿಂಡೋಸ್ ಕಂಪ್ಯೂಟರಿನಲ್ಲಿ ಮುಖ್ಯವಾಗಿ ಎರಡು ಬಗೆಯ ಖಾತೆಗಳಿರುತ್ತವೆ. ಅಡ್ಮಿನಿಸ್ಟ್ರೇಟರ್ ಖಾತೆಯವರು ತಂತ್ರಾಂಶವನ್ನು ಹಾಕಬಹುದು, ತೆಗೆಯಬಹುದು, ಇತರರ ಫೈಲುಗಳನ್ನು ತೆರೆಯಬಹುದು, ಇಡೀ ಯಂತ್ರದ ಹೊಂದಾಣಿಕೆಗಳನ್ನು ಬದಲಿಸಬಹುದು; ಸ್ಟ್ಯಾಂಡರ್ಡ್ ಯೂಸರ್ ಎಂಬ ಸಾಮಾನ್ಯ ಖಾತೆಯವರು ಈಗಾಗಲೇ ಇರುವ ತಂತ್ರಾಂಶಗಳನ್ನು ಬಳಸಬಹುದು ಮತ್ತು ತಮ್ಮ ಪಾಲಿನ ಜಾಗದಲ್ಲಿ ಬರೆಯಬಹುದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ, ಕಂಪ್ಯೂಟರನ್ನು ಸಜ್ಜುಗೊಳಿಸುವಾಗ ಸೃಷ್ಟಿಯಾಗುತ್ತಿದ್ದ ಖಾತೆಗಳೆಲ್ಲ ಅಡ್ಮಿನ್ ಖಾತೆಗಳೇ ಆಗಿರುತ್ತಿದ್ದುದರಿಂದ ಈ ವ್ಯತ್ಯಾಸ ಮನೆ ಮತ್ತು ಅಂಗಡಿಗಳಲ್ಲಿ ಅನುಭವಕ್ಕೆ ಬರಲಿಲ್ಲ. ತಂತ್ರಾಂಶ ಬರೆಯುವವರೂ ಬಳಕೆದಾರರೆಲ್ಲರಿಗೂ ಎಲ್ಲೆಡೆ ಬರೆಯುವ ಹಕ್ಕಿದೆ ಎಂದು ನಂಬಿಯೇ ಬರೆದರು. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ವ್ಯವಸ್ಥೆಯ ಮೂಲಕ ಆ ನಂಬಿಕೆಯನ್ನು ಮುರಿಯಿತು: ಅಡ್ಮಿನ್ ಆಗಿ ಲಾಗಿನ್ ಆದವರೂ ಕೂಡ ಸಾಮಾನ್ಯ ಹಕ್ಕಿನಲ್ಲಿಯೇ ಕೆಲಸ ಮಾಡಬೇಕು, ಹೆಚ್ಚಿನ ಹಕ್ಕು ಬೇಕಾದಾಗ ಪರದೆ ಮಬ್ಬಾಗಿ ಒಪ್ಪಿಗೆ ಕೇಳುತ್ತದೆ. ಇದರ ಹಿಂದಿನ ತತ್ತ್ವ ವಿಸ್ಟಾಕ್ಕಿಂತ ಬಹಳ ಹಳೆಯದು. ಪ್ರತಿಯೊಂದು ಪ್ರೋಗ್ರಾಮಿಗೂ ಪ್ರತಿಯೊಬ್ಬ ಬಳಕೆದಾರರಿಗೂ ಕೆಲಸ ಮುಗಿಸಲು ಬೇಕಾದಷ್ಟೇ ಅಧಿಕಾರವಿರಬೇಕು, ಅದಕ್ಕಿಂತ ಹೆಚ್ಚಿರಬಾರದು ಎಂಬ ಕನಿಷ್ಠ ಅಧಿಕಾರದ ನಿಯಮವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ಸ್ಪಷ್ಟವಾಗಿ ಮಂಡಿಸಿದ್ದರು.

ತಡೆಯ ಮೂಲವನ್ನು ಹುಡುಕುವವರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಲೆಕ್ಕದ ಫೈಲಿನವರೆಗೆ ತಲಪುವ ದಾರಿಯಲ್ಲಿ ಅನುಮತಿಯನ್ನು ಬೇರೆ ಬೇರೆ ಅಧಿಕಾರಿಗಳು ಪರಿಶೀಲಿಸುತ್ತಾರೆ ಎಂಬುದು. ಲೆಕ್ಕದ ತಂತ್ರಾಂಶ ತನ್ನದೇ ಬಳಕೆದಾರರ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಡಿಸ್ಕಿನ ಮೇಲಿನ ಫೋಲ್ಡರಿಗೆ ವಿಂಡೋಸ್ ಇಟ್ಟಿರುವ ಅನುಮತಿ ಪಟ್ಟಿ ಬೇರೆ. ಆ ಫೋಲ್ಡರು ಇನ್ನೊಂದು ಕಂಪ್ಯೂಟರಿನಲ್ಲಿದ್ದರೆ ನೆಟ್‌ವರ್ಕಿನ ಹಂಚಿಕೆಗೆ, ಅಂದರೆ ಶೇರ್‌ಗೆ, ಮತ್ತೊಂದು ಪಟ್ಟಿ. ಒಂದು ಕಡೆ ಒಪ್ಪಿಗೆ ಸಿಕ್ಕಿತೆಂದು ಮತ್ತೊಂದು ಕಡೆ ಸಿಗಬೇಕೆಂದಿಲ್ಲ. ಆದ್ದರಿಂದ ದೋಷದ ಸಂದೇಶವನ್ನು ಮುಚ್ಚಿಬಿಡುವ ಮುನ್ನ ಅದನ್ನು ಪೂರ್ತಿ ಓದಿ, ಸಾಧ್ಯವಾದರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು, ಅದನ್ನು ಹೇಳುತ್ತಿರುವುದು ವಿಂಡೋಸೋ ಲೆಕ್ಕದ ತಂತ್ರಾಂಶವೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಸುಲಭವಾದ ಪರೀಕ್ಷೆಯೊಂದಿದೆ: ತಂತ್ರಾಂಶವನ್ನು ಮುಚ್ಚಿ, ಗುಮಾಸ್ತರ ಖಾತೆಯಲ್ಲಿಯೇ ಲೆಕ್ಕದ ಡೇಟಾ ಫೋಲ್ಡರನ್ನು ತೆರೆದು, ಅದರೊಳಗೆ ಒಂದು ಖಾಲಿ ಪಠ್ಯ ಫೈಲನ್ನು ಸೃಷ್ಟಿಸಿ, ತಿದ್ದಿ, ಅಳಿಸಿ ನೋಡುವುದು. ಮೂರೂ ಸಾಧ್ಯವಾದರೆ ಆ ಫೋಲ್ಡರಿನ ಮಟ್ಟದಲ್ಲಿ ವಿಂಡೋಸಿನ ತಕರಾರಿಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಹೆಚ್ಚಿನ ಖಾತರಿಗೆ ಒಳಗಿನ ಕಂಪನಿ ಫೋಲ್ಡರಿನಲ್ಲಿಯೂ ಇದನ್ನೇ ಮಾಡಿ ನೋಡಬೇಕು.

ತಂತ್ರಾಂಶದ ಒಳಗಿನ ತಡೆಗಳಲ್ಲಿ ಕೆಲವು ಅನುಮತಿಯ ತೊಂದರೆಯಂತೆ ಕಂಡರೂ ಅನುಮತಿಗೆ ಸಂಬಂಧಿಸಿದವಲ್ಲ. ಟ್ಯಾಲಿಯಲ್ಲಿ ತಿಂಗಳ 1, 2 ಅಥವಾ 31ನೇ ತಾರೀಕಿಗೆ ಮಾತ್ರ ವೋಚರ್ ಹಾಕಲು ಬರುತ್ತಿದ್ದರೆ, ಆ ಕಂಪ್ಯೂಟರಿಗೆ ಪರವಾನಗಿ ಸಿಗದೆ ತಂತ್ರಾಂಶ ಕಲಿಕೆಯ ರೂಪಕ್ಕೆ, ಅಂದರೆ ಎಜುಕೇಶನಲ್ ಮೋಡಿಗೆ, ಇಳಿದಿದೆ ಎಂದರ್ಥ. ಸಿಲ್ವರ್ ಪರವಾನಗಿ ಒಂದೇ ಕಂಪ್ಯೂಟರಿನ ಬಳಕೆಗೆ, ಗೋಲ್ಡ್ ಪರವಾನಗಿ ಒಂದೇ ಸ್ಥಳದ ನೆಟ್‌ವರ್ಕಿನಲ್ಲಿರುವ ಎಲ್ಲ ಕಂಪ್ಯೂಟರುಗಳಿಗೆ ಎಂಬುದನ್ನು ಮರೆತು ಎರಡನೆಯ ಕೌಂಟರಿಗೆ ಕಂಪ್ಯೂಟರು ತಂದಾಗ ಹೀಗಾಗುವುದುಂಟು. ಅಲ್ಲಿ ಗುಮಾಸ್ತರನ್ನು ಅಡ್ಮಿನ್ ಮಾಡಿದರೂ ತಾರೀಕು ಬದಲಾಗದು. ಇನ್ನು ಕೆಲವು ತಡೆಗಳನ್ನು ಮಾಲಕರೇ ಇಟ್ಟಿರುತ್ತಾರೆ. ಟ್ಯಾಲಿಪ್ರೈಮಿನಲ್ಲಿ ಆಲ್ಟ್ ಮತ್ತು ಕೆ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬರುವ ಕಂಪನಿ ಪಟ್ಟಿಯಲ್ಲಿ ‘ಯೂಸರ್ ರೋಲ್ಸ್’ ಮತ್ತು ‘ಯೂಸರ್ಸ್ ಆ್ಯಂಡ್ ಪಾಸ್‌ವರ್ಡ್ಸ್’ ಎಂಬ ಎರಡು ವಿಭಾಗಗಳಿವೆ. ಮೊದಲನೆಯದರಲ್ಲಿ ಒಂದು ಪಾತ್ರಕ್ಕೆ, ಉದಾಹರಣೆಗೆ ಡೇಟಾ ಎಂಟ್ರಿ ಮಾಡುವವರಿಗೆ, ಏನೇನು ಕಾಣಬೇಕು, ಏನನ್ನು ತಿದ್ದಬಾರದು, ಹಿಂದಿನ ತಾರೀಕಿಗೆ ಎಷ್ಟು ದಿನಗಳವರೆಗೆ ವೋಚರ್ ಹಾಕಬಹುದು ಎಂಬುದನ್ನು ನಿಗದಿಪಡಿಸಲಾಗುತ್ತದೆ. ಎರಡನೆಯದರಲ್ಲಿ ವ್ಯಕ್ತಿಗಳಿಗೆ ಆ ಪಾತ್ರಗಳನ್ನು ಹಂಚಲಾಗುತ್ತದೆ. ಕಳೆದ ತಿಂಗಳ ಬಿಲ್ಲನ್ನು ತಿದ್ದಲಾಗುತ್ತಿಲ್ಲ ಎಂಬ ದೂರು ಬಂದಾಗ ವಿಂಡೋಸನ್ನು ಕೆದಕುವ ಮೊದಲು ಈ ಪುಟವನ್ನು ನೋಡುವುದು ಲೇಸು, ಏಕೆಂದರೆ ಅಲ್ಲಿ ತಡೆಯಿದ್ದರೆ ಅದು ದೋಷವಲ್ಲ, ಯಾರೋ ಯೋಚಿಸಿ ಮಾಡಿದ ನಿರ್ಧಾರ.

ವಿಂಡೋಸಿನ ಮಟ್ಟದಲ್ಲಿ ತಡೆಯಿದ್ದರೆ ಉತ್ತರ ಹೆಚ್ಚಾಗಿ ಒಂದೇ ಪ್ರಶ್ನೆಯಲ್ಲಿ ಅಡಗಿರುತ್ತದೆ: ಡೇಟಾ ಎಲ್ಲಿದೆ? ಸಿ ಡ್ರೈವಿನ ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರು ತಂತ್ರಾಂಶಗಳಿಗೆ ಮೀಸಲಾದುದು. ಅಲ್ಲಿ ಸಾಮಾನ್ಯ ಖಾತೆಗೆ ಓದುವ ಮತ್ತು ಪ್ರೋಗ್ರಾಮನ್ನು ನಡೆಸುವ ಹಕ್ಕಿದೆ, ಬರೆಯುವ ಹಕ್ಕಿಲ್ಲ. ಡೇಟಾ ಫೋಲ್ಡರಾಗಲಿ, ರಿಟರ್ನಿನ ಫೈಲನ್ನು ಹೊರತೆಗೆಯುವ ಜಾಗವಾಗಲಿ ಇದರೊಳಗಿದ್ದರೆ ಗುಮಾಸ್ತರ ಕೆಲಸ ನಿಲ್ಲುವುದು ಸಹಜ. ನೇರವಾಗಿ ಸಿ ಡ್ರೈವಿನ ಬುಡದಲ್ಲಿ ಮಾಡಿದ ಹೊಸ ಫೋಲ್ಡರಿನ ಕಥೆ ಬೇರೆ: ಅದಕ್ಕೆ, ಲಾಗಿನ್ ಆದ ಬಳಕೆದಾರರೆಲ್ಲರೂ ಬದಲಾವಣೆ ಮಾಡಬಹುದೆಂಬ ಅನುಮತಿ ಮೇಲಿನಿಂದಲೇ ಇಳಿದು ಬರುತ್ತದೆ. ಹಳೆಯ ಟ್ಯಾಲಿ ಇಆರ್‌ಪಿ 9 ಸಿ ಡ್ರೈವಿನ ಬುಡದಲ್ಲಿಯೇ ತನ್ನ ಫೋಲ್ಡರನ್ನು ಮಾಡಿಕೊಳ್ಳುತ್ತಿದ್ದಾಗ ಹಲವು ಕಚೇರಿಗಳಲ್ಲಿ ಇಂಥ ತೊಂದರೆ ಕಾಣದಿದ್ದುದಕ್ಕೆ ಇದೂ ಒಂದು ಕಾರಣ. 2020ರಲ್ಲಿ ಬಂದ ಟ್ಯಾಲಿಪ್ರೈಮ್ ಪ್ರೋಗ್ರಾಮನ್ನು ಪ್ರೋಗ್ರಾಂ ಫೈಲ್ಸಿನಲ್ಲಿಯೂ ಡೇಟಾವನ್ನು ‘ಯೂಸರ್ಸ್’ ಫೋಲ್ಡರಿನೊಳಗಿನ ‘ಪಬ್ಲಿಕ್’ ಎಂಬ ಸಾರ್ವಜನಿಕ ಜಾಗದಲ್ಲಿಯೂ ಬೇರೆ ಬೇರೆಯಾಗಿ ಇರಿಸುತ್ತದೆ. ಈ ವಿಂಗಡಣೆ ಸರಿಯಾದುದೇ. ಆದರೆ ಹಳೆಯ ಕಂಪ್ಯೂಟರಿನಿಂದ ತಂದ ಡೇಟಾವನ್ನು ಯಾರೋ ಪ್ರೋಗ್ರಾಮಿನ ಫೋಲ್ಡರಿನೊಳಗೇ ಸುರಿದು ಹೋಗಿದ್ದರೆ ಅದರ ಪ್ರಯೋಜನ ಸಿಗುವುದಿಲ್ಲ.

‘ಪ್ರೋಗ್ರಾಂಡೇಟಾ’ ಎಂಬ ಇನ್ನೊಂದು ಫೋಲ್ಡರು ಸಿ ಡ್ರೈವಿನಲ್ಲಿ ಮರೆಯಾಗಿರುತ್ತದೆ. ಕೆಲವು ತಂತ್ರಾಂಶಗಳು ಎಲ್ಲರಿಗೂ ಬೇಕಾದ ಮಾಹಿತಿಯನ್ನು ಅಲ್ಲಿಡುತ್ತವೆ. ಅಲ್ಲಿನ ನಿಯಮ ಸೂಕ್ಷ್ಮವಾದುದು: ಸಾಮಾನ್ಯ ಬಳಕೆದಾರರು ಹೊಸ ಫೈಲನ್ನು ಸೃಷ್ಟಿಸಬಹುದು, ಸೃಷ್ಟಿಸಿದವರು ಅದನ್ನು ತಿದ್ದಬಹುದು, ಆದರೆ ಒಬ್ಬರು ಸೃಷ್ಟಿಸಿದ್ದನ್ನು ಮತ್ತೊಬ್ಬರು ಓದಬಹುದೇ ಹೊರತು ತಿದ್ದುವಂತಿಲ್ಲ. ಬೆಳಗ್ಗಿನ ಪಾಳಿಯವರಿಗೆ ನಡೆಯುವ ತಂತ್ರಾಂಶ ಸಂಜೆಯ ಪಾಳಿಯವರಿಗೆ ನಡೆಯದಿದ್ದರೆ, ಮತ್ತು ಇಬ್ಬರೂ ಅಡ್ಮಿನ್ ಅಲ್ಲದಿದ್ದರೆ, ಸಂಶಯಪಡಬೇಕಾದ ಜಾಗ ಇದು.

ಇವೆಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವ ಸ್ಥಿತಿಯೊಂದಿದೆ. ಅದನ್ನು ತುಸು ವಿವರವಾಗಿ ನೋಡಬೇಕು. ಎಕ್ಸ್‌ಪಿ ಕಾಲದಲ್ಲಿ ವಿಷುಯಲ್ ಬೇಸಿಕ್ ಅಥವಾ ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡ ಬಿಲ್ಲಿಂಗ್ ಮತ್ತು ಲೆಕ್ಕದ ಪ್ರೋಗ್ರಾಮುಗಳು ಇನ್ನೂ ಬಳಕೆಯಲ್ಲಿರುವ ಕಡೆ, ಪ್ರೋಗ್ರಾಂ ಫೈಲ್ಸಿನಲ್ಲಿ ಬರೆಯಲು ಯತ್ನಿಸುವ ಹಳೆಯ 32 ಬಿಟ್ ಪ್ರೋಗ್ರಾಮನ್ನು ವಿಂಡೋಸ್ ಒರಟಾಗಿ ತಡೆಯುವುದಿಲ್ಲ. ಪ್ರೋಗ್ರಾಮು ಬರೆಯಹೊರಟ ಫೈಲಿನ ಒಂದು ಪ್ರತಿಯನ್ನು ಆ ಬಳಕೆದಾರರ ಸ್ವಂತ ಖಾತೆಯೊಳಗಿನ ‘ವರ್ಚುಯಲ್‌ಸ್ಟೋರ್’ ಎಂಬ ಫೋಲ್ಡರಿನಲ್ಲಿ ಮಾಡಿ, ಬರವಣಿಗೆಯನ್ನೆಲ್ಲ ಸದ್ದಿಲ್ಲದೆ ಅಲ್ಲಿಗೆ ತಿರುಗಿಸುತ್ತದೆ. ಹಳೆಯ ಪ್ರೋಗ್ರಾಮುಗಳು ನಿಂತುಹೋಗಬಾರದೆಂದು ವಿಸ್ಟಾದಲ್ಲಿ ಮಾಡಿದ ಏರ್ಪಾಡು ಇದು. ಇದರಿಂದಾಗಿ ಗುಮಾಸ್ತರು ತಮ್ಮ ಖಾತೆಯಲ್ಲಿ ದಿನವಿಡೀ ಬರೆದ ಬಿಲ್ಲುಗಳು ಅವರಿಗೆ ಸರಿಯಾಗಿಯೇ ಕಾಣುತ್ತವೆ, ರಾತ್ರಿ ಮಾಲಕರು ತಮ್ಮ ಖಾತೆಯಿಂದ ಅದೇ ಪ್ರೋಗ್ರಾಮನ್ನು ತೆರೆದಾಗ ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಮರುದಿನ ಎರಡು ಖಾತೆಗಳಲ್ಲಿಯೂ ಒಂದೇ ಬಿಲ್ ಸಂಖ್ಯೆ ಮುಂದುವರಿಯುತ್ತದೆ. ಯಾವ ದೋಷದ ಸಂದೇಶವೂ ಬರದ ಕಾರಣ ಅನುಮಾನ ಯಂತ್ರದ ಮೇಲೆ ಹೋಗದೆ ಮನುಷ್ಯರ ಮೇಲೆ ಹೋಗುತ್ತದೆ. ಬಿಲ್ಲನ್ನು ಅಳಿಸಿದರೆಂಬ ಆರೋಪ ಹೊತ್ತು ನಿಲ್ಲುವವರು ಸಂಬಳಕ್ಕೆ ದುಡಿಯುವ ಗುಮಾಸ್ತರು. ತಾಂತ್ರಿಕ ತಿಳಿವಳಿಕೆ ಇಲ್ಲಿ ನ್ಯಾಯದ ಪ್ರಶ್ನೆಯೂ ಆಗುತ್ತದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಇಂಥ ಸಂದರ್ಭದಲ್ಲಿ ಮಾಡಬೇಕಾದುದು, ಆ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನೊಳಗಿನ ಲೋಕಲ್, ಅದರೊಳಗಿನ ವರ್ಚುಯಲ್‌ಸ್ಟೋರ್ ತೆರೆದು ಅಲ್ಲಿ ಡೇಟಾ ಫೈಲಿನ ಪ್ರತಿ ಇದೆಯೇ ಎಂದು ನೋಡುವುದು. ಇದ್ದರೆ ಎರಡೂ ಪ್ರತಿಗಳನ್ನು ಬೇರೆಡೆ ಕಾಪಿ ಮಾಡಿಟ್ಟ ಮೇಲೆಯೇ, ಯಾವುದರಲ್ಲಿ ಯಾವ ದಿನಗಳ ನಮೂದು ಇದೆಯೆಂದು ಹೋಲಿಸಿ, ಪ್ರೋಗ್ರಾಮಿನ ಡೇಟಾವನ್ನು ಪ್ರೋಗ್ರಾಂ ಫೈಲ್ಸಿನಿಂದ ಹೊರಗೆ ಸಾಗಿಸುವುದು. ಅವಸರದಲ್ಲಿ ಒಂದರ ಮೇಲೆ ಇನ್ನೊಂದನ್ನು ಪೇಸ್ಟ್ ಮಾಡಿದರೆ ಒಂದಷ್ಟು ದಿನಗಳ ಲೆಕ್ಕ ನಿಜವಾಗಿಯೂ ಹೋಗುತ್ತದೆ.

ಡೇಟಾಕ್ಕೆ ತಕ್ಕ ಜಾಗ ಗೊತ್ತಾದ ಮೇಲೆ ಅನುಮತಿಯನ್ನು ಕೊಡುವ ಕ್ರಮ ಕಷ್ಟದ್ದಲ್ಲ. ಅಡ್ಮಿನ್ ಖಾತೆಯಲ್ಲಿ ಆ ಫೋಲ್ಡರಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ, ಪ್ರಾಪರ್ಟೀಸಿನ ‘ಸೆಕ್ಯೂರಿಟಿ’ ಪುಟವನ್ನು ತೆರೆದರೆ ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ ಕಾಣುತ್ತದೆ. ‘ರೀಡ್’ ಎಂದರೆ ಓದುವುದು ಮಾತ್ರ. ‘ಮಾಡಿಫೈ’ ಎಂದರೆ ಓದುವುದು, ಬರೆಯುವುದು, ಹೊಸದನ್ನು ಸೃಷ್ಟಿಸುವುದು ಮತ್ತು ಅಳಿಸುವುದು. ‘ಫುಲ್ ಕಂಟ್ರೋಲ್’ ಎಂದರೆ ಇವುಗಳ ಜೊತೆಗೆ ಅನುಮತಿಗಳನ್ನೇ ಬದಲಿಸುವ ಮತ್ತು ಫೋಲ್ಡರಿನ ಒಡೆತನವನ್ನು ವಹಿಸಿಕೊಳ್ಳುವ ಹಕ್ಕು. ಲೆಕ್ಕ ಬರೆಯಲು ಮಾಡಿಫೈ ಸಾಕು. ‘ಎವ್ರಿವನ್’ ಎಂಬ ಹೆಸರಿಗೆ ಫುಲ್ ಕಂಟ್ರೋಲ್ ಕೊಟ್ಟು ಕೈತೊಳೆದುಕೊಳ್ಳುವ ರೂಢಿ ಎಲ್ಲೆಡೆ ಹಬ್ಬಿದೆ. ಅದು ಅಡ್ಮಿನ್ ಪಾಸ್‌ವರ್ಡ್ ಹಂಚುವುದರ ತಮ್ಮನೇ ಸರಿ. ಇದರ ಬದಲು ಲೆಕ್ಕ ಬರೆಯುವವರ ಒಂದು ಗುಂಪನ್ನು ಮಾಡಿ, ಅನುಮತಿಯನ್ನು ಗುಂಪಿಗೆ ಕೊಟ್ಟು, ವ್ಯಕ್ತಿಗಳನ್ನು ಗುಂಪಿಗೆ ಸೇರಿಸಿದರೆ, ಒಬ್ಬರು ಕೆಲಸ ಬಿಟ್ಟಾಗ ಫೋಲ್ಡರಿನ ಪಟ್ಟಿಯನ್ನು ಮುಟ್ಟದೆ ಗುಂಪಿನಿಂದ ಅವರ ಹೆಸರನ್ನು ತೆಗೆದರಾಯಿತು. ಪಟ್ಟಿಯಲ್ಲಿ ‘ಡಿನೈ’ ಎಂಬ ಕಂಬಸಾಲೂ ಇರುತ್ತದೆ. ಅದರಲ್ಲಿ ನೇರವಾಗಿ ಗುರುತು ಹಾಕಿದರೆ ಬೇರೆಡೆ ಕೊಟ್ಟ ಒಪ್ಪಿಗೆಗಳನ್ನೆಲ್ಲ ಅದು ಮೀರುವುದರಿಂದ, ಖಚಿತ ಕಾರಣವಿಲ್ಲದೆ ಅದನ್ನು ಮುಟ್ಟಬಾರದು. ಒಬ್ಬರಿಗೆ ಅಂತಿಮವಾಗಿ ಯಾವ ಹಕ್ಕು ದಕ್ಕುತ್ತದೆ ಎಂಬ ಗೊಂದಲವಿದ್ದರೆ, ‘ಅಡ್ವಾನ್ಸ್ಡ್’ ಗುಂಡಿಯ ಹಿಂದಿರುವ ‘ಎಫೆಕ್ಟಿವ್ ಆಕ್ಸೆಸ್’ ಪುಟದಲ್ಲಿ ಅವರ ಹೆಸರು ಕೊಟ್ಟರೆ ವಿಂಡೋಸೇ ಲೆಕ್ಕ ಹಾಕಿ ತೋರಿಸುತ್ತದೆ.

ಬ್ಯಾಕಪ್ಪಿನಿಂದ ಡೇಟಾವನ್ನು ಮರಳಿ ತಂದ ಮೇಲೆ ಮಾತ್ರ ತೊಂದರೆ ಶುರುವಾಗಿದ್ದರೆ ಅದಕ್ಕೂ ಒಂದು ವಿವರಣೆಯಿದೆ. ಒಂದೇ ಡ್ರೈವಿನೊಳಗೆ ಫೋಲ್ಡರನ್ನು ಕತ್ತರಿಸಿ ಇನ್ನೊಂದೆಡೆ ಅಂಟಿಸಿದರೆ ಅದು ತನ್ನ ಹಳೆಯ ಅನುಮತಿಗಳನ್ನು ಹೊತ್ತುಕೊಂಡೇ ಹೋಗುತ್ತದೆ; ಕಾಪಿ ಮಾಡಿದರೆ ಹೊಸ ಜಾಗದ ಅನುಮತಿಗಳನ್ನು ಪಡೆಯುತ್ತದೆ. ಅಡ್ಮಿನ್ ಖಾತೆಯ ಡೆಸ್ಕ್‌ಟಾಪಿನಲ್ಲಿ ಬಿಚ್ಚಿದ ಬ್ಯಾಕಪ್ಪನ್ನು ಕಟ್ ಮಾಡಿ ಡೇಟಾ ಫೋಲ್ಡರಿಗೆ ಹಾಕಿದಾಗ, ಸುತ್ತಲಿನ ಕಂಪನಿಗಳೆಲ್ಲ ಗುಮಾಸ್ತರಿಗೆ ತೆರೆದು ಅದೊಂದು ಮಾತ್ರ ತೆರೆಯದಿರುವುದು ಈ ಕಾರಣದಿಂದ. ಮೇಲಿನ ಫೋಲ್ಡರಿನ ಅನುಮತಿಗಳು ಒಳಗಿನವಕ್ಕೂ ಇಳಿಯುವಂತೆ ಅಡ್ವಾನ್ಸ್ಡ್ ಪುಟದಲ್ಲಿ ಹೊಂದಿಸಿದರೆ ಅದು ಸರಿಹೋಗುತ್ತದೆ.

ಡೇಟಾ ಒಂದು ಕಂಪ್ಯೂಟರಿನಲ್ಲಿದ್ದು ಎರಡು ಮೂರು ಕೌಂಟರುಗಳಿಂದ ಅದನ್ನು ಬಳಸುವ ಕಡೆ ಶೇರ್ ಅನುಮತಿ ಮತ್ತು ಫೋಲ್ಡರ್ ಅನುಮತಿ ಎರಡನ್ನೂ ನೋಡಬೇಕಾಗುತ್ತದೆ, ಮತ್ತು ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರ್ ಮಾಡುವಾಗ ಓದುವ ಹಕ್ಕನ್ನಷ್ಟೇ ಕೊಟ್ಟಿದ್ದರೆ ಫೋಲ್ಡರಿನಲ್ಲಿ ಮಾಡಿಫೈ ಇದ್ದರೂ ಕೌಂಟರಿನಿಂದ ವೋಚರ್ ಹಾಕಲು ಬರುವುದಿಲ್ಲ. ಟ್ಯಾಲಿಪ್ರೈಮಿನ ಡೇಟಾ ಇರುವ ಪಬ್ಲಿಕ್ ಜಾಗದಲ್ಲಿ ಇನ್ನೊಂದು ತೊಡಕಿದೆ: ಅಲ್ಲಿ ಬರೆಯುವ ಹಕ್ಕು ಆ ಯಂತ್ರದ ಮುಂದೆಯೇ ಕುಳಿತು ಲಾಗಿನ್ ಆದವರಿಗೆ ಇರುತ್ತದೆ, ನೆಟ್‌ವರ್ಕಿನ ಮೂಲಕ ಬರುವವರು ಆ ವರ್ಗಕ್ಕೆ ಸೇರುವುದಿಲ್ಲ. ಸರ್ವರಿನಲ್ಲಿ ಕುಳಿತು ಪರೀಕ್ಷಿಸಿದವರು ಎಲ್ಲ ಸರಿಯಿದೆ ಎನ್ನುವುದು, ಕೌಂಟರಿನಲ್ಲಿರುವವರು ಏನೂ ನಡೆಯುತ್ತಿಲ್ಲ ಎನ್ನುವುದು, ಇಬ್ಬರ ಮಾತೂ ನಿಜವಾಗಿರುವುದು ಹೀಗೆ. ಲೆಕ್ಕದವರ ಗುಂಪಿಗೆ ಮಾಡಿಫೈ ಹಕ್ಕನ್ನು ಹೆಸರಿಸಿ ಕೊಟ್ಟರೆ ಈ ಜಗಳ ತೀರುತ್ತದೆ.

ಸಣ್ಣ ಕಚೇರಿಗಳಲ್ಲಿ ಪಾಸ್‌ವರ್ಡೇ ಇಲ್ಲದ ಖಾತೆಗಳು ಬಹಳ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಆ ಕಂಪ್ಯೂಟರಿನಲ್ಲಿ ಕುಳಿತು ಮಾತ್ರ ಬಳಸಲು ವಿಂಡೋಸ್ ಬಿಡುತ್ತದೆ, ನೆಟ್‌ವರ್ಕಿನಿಂದ ಬಳಸಲು ಬಿಡುವುದಿಲ್ಲ; ಆದ್ದರಿಂದ ಸರ್ವರ್ ಆಗಿರುವ ಕಂಪ್ಯೂಟರಿನಲ್ಲಿ ಪ್ರತಿ ಗುಮಾಸ್ತರ ಹೆಸರಿನಲ್ಲಿ ಪಾಸ್‌ವರ್ಡ್ ಇರುವ ಸಾಮಾನ್ಯ ಖಾತೆ ಬೇಕು, ಕೌಂಟರಿನಲ್ಲಿ ಅದೇ ಹೆಸರು ಮತ್ತು ಪಾಸ್‌ವರ್ಡ್ ಇದ್ದರೆ ಮತ್ತೆ ಕೇಳುವುದೂ ಇಲ್ಲ. ಇದರ ಗೋಜೇ ಬೇಡವೆಂದು ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಎಂಬ ರಕ್ಷಣೆಯನ್ನು ತೆಗೆದುಹಾಕಿ, ಯಾರು ಬೇಕಾದರೂ ಅತಿಥಿಯಾಗಿ ಒಳಬರುವಂತೆ ಮಾಡಿಕೊಂಡ ಕಚೇರಿಗಳಿಗೆ ಈಗ ಬೇರೆ ಕಾರಣದಿಂದ ಪೆಟ್ಟು ಬೀಳುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಅದರ ಬದಲಿಗೆ ಕೊಂಡ ಹೊಸ ಕಂಪ್ಯೂಟರುಗಳಲ್ಲಿರುವ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ರೂಪ, ಹೀಗೆ ಅತಿಥಿಯಾಗಿ ತೆರೆಯುವ ಶೇರುಗಳನ್ನು ತಾನಾಗಿಯೇ ನಿರಾಕರಿಸುತ್ತದೆ. ಹೊಸ ಯಂತ್ರ ಕೆಟ್ಟಿದೆಯೆಂದು ಮರಳಿಸುವ ಮುನ್ನ ಇದನ್ನು ನೆನೆಯಬೇಕು. ಆ ನಿರಾಕರಣೆಯನ್ನು ಒತ್ತಾಯದಿಂದ ತೆಗೆಸಿಹಾಕುವ ಬದಲು ಹೆಸರುಳ್ಳ ಖಾತೆಗಳನ್ನು ಮಾಡುವುದೇ ಸರಿಯಾದ ದಾರಿ.

‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂಬ ಆಯ್ಕೆ, ಅಂದರೆ ಆ ಒಂದು ಪ್ರೋಗ್ರಾಮನ್ನು ಮಾತ್ರ ಅಡ್ಮಿನ್ ಹಕ್ಕಿನಲ್ಲಿ ನಡೆಸುವುದು, ಮಧ್ಯಮ ಮಾರ್ಗದಂತೆ ತೋರುತ್ತದೆ. ದಿನನಿತ್ಯದ ಬಳಕೆಗೆ ಅದು ಹೊಸ ತೊಡಕುಗಳನ್ನೇ ತರುತ್ತದೆ. ಸಾಮಾನ್ಯ ಖಾತೆಯವರು ಅಡ್ಮಿನ್ ಪಾಸ್‌ವರ್ಡ್ ಹಾಕಿ ಪ್ರೋಗ್ರಾಮನ್ನು ತೆರೆದಾಗ ಅದು ಆ ಅಡ್ಮಿನ್ ಖಾತೆಯ ಹೆಸರಿನಲ್ಲಿಯೇ ನಡೆಯುತ್ತದೆ. ಗುಮಾಸ್ತರ ಖಾತೆಯಲ್ಲಿ ಜೋಡಿಸಿದ ನೆಟ್‌ವರ್ಕ್ ಡ್ರೈವ್ ಅದಕ್ಕೆ ಕಾಣುವುದಿಲ್ಲ, ಡೆಸ್ಕ್‌ಟಾಪಿಗೆ ಹೊರತೆಗೆದ ಫೈಲು ಮಾಲಕರ ಡೆಸ್ಕ್‌ಟಾಪಿಗೆ ಹೋಗಿ ಕೂರುತ್ತದೆ, ಪ್ರಿಂಟು ಬೇರೆ ಪ್ರಿಂಟರಿಗೆ ಹೋಗಬಹುದು. ತಂತ್ರಾಂಶವನ್ನು ಹಾಕುವಾಗ, ಹೊಸ ಆವೃತ್ತಿಗೆ ಏರಿಸುವಾಗ, ಪರವಾನಗಿಯನ್ನು ಸಕ್ರಿಯಗೊಳಿಸುವಾಗ ಮಾತ್ರ ಈ ಆಯ್ಕೆಗೆ ಸ್ಥಾನವಿದೆ. ಡೇಟಾ ಎಲ್ಲಿದೆ ಎಂಬುದನ್ನು ಟ್ಯಾಲಿಯಲ್ಲಿ ಪ್ರೋಗ್ರಾಂ ಫೋಲ್ಡರಿನ ಒಂದು ಸಂರಚನಾ ಫೈಲು ನೆನಪಿಟ್ಟುಕೊಳ್ಳುವುದರಿಂದ, ಆ ದಾರಿಯನ್ನು ಒಮ್ಮೆ ಅಡ್ಮಿನ್ ಆಗಿ ಸರಿಪಡಿಸಿ ಮುಚ್ಚಿದರೆ ಸಾಕು.

ಇಷ್ಟೆಲ್ಲ ನೋಡಿದ ಮೇಲೂ ತಡೆ ಎಲ್ಲಿದೆಯೆಂದು ತಿಳಿಯದಿದ್ದರೆ ಪ್ರೊಸೆಸ್ ಮಾನಿಟರ್ ಎಂಬ ಉಚಿತ ಸಾಧನ ನೆರವಿಗೆ ಬರುತ್ತದೆ. ಇದು ಮಾರ್ಕ್ ರಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಆರಂಭಿಸಿದ, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಸಂಗ್ರಹದ ಸಾಧನ. ಇದನ್ನು ಅಡ್ಮಿನ್ ಹಕ್ಕಿನಲ್ಲಿ ನಡೆಸಿ, ಲೆಕ್ಕದ ತಂತ್ರಾಂಶವನ್ನು ಗುಮಾಸ್ತರ ಹಕ್ಕಿನಲ್ಲಿಯೇ ತೆರೆದು, ‘ಆಕ್ಸೆಸ್ ಡಿನೈಡ್’ ಎಂಬ ಫಲಿತಾಂಶದ ಸಾಲುಗಳನ್ನಷ್ಟೇ ಸೋಸಿ ನೋಡಿದರೆ, ಯಾವ ಫೈಲು ಅಥವಾ ರಿಜಿಸ್ಟ್ರಿಯ ಯಾವ ನಮೂದು ತಡೆಯಾಗಿದೆಯೆಂಬುದು ಹೆಸರುಸಹಿತ ಸಿಗುತ್ತದೆ. ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸನ್ನು ಬಳಸುವ ಹಳೆಯ ಪ್ರೋಗ್ರಾಮುಗಳಲ್ಲಿ ಹೀಗೆ ಸಿಕ್ಕಿಬೀಳುವುದು ಹೆಚ್ಚಾಗಿ ಬೀಗದ ಫೈಲು: ಹಲವರು ಒಟ್ಟಿಗೆ ಬಳಸುವಾಗ ಯಾರು ಏನನ್ನು ತೆರೆದಿದ್ದಾರೆಂದು ಗುರುತಿಟ್ಟುಕೊಳ್ಳಲು ಡೇಟಾಬೇಸು ತನ್ನ ಪಕ್ಕದಲ್ಲಿಯೇ ಒಂದು ಸಣ್ಣ ಫೈಲನ್ನು ಸೃಷ್ಟಿಸಿ, ಕೊನೆಗೆ ಅಳಿಸುತ್ತದೆ. ಡೇಟಾಬೇಸ್ ಫೈಲೊಂದಕ್ಕೆ ಮಾತ್ರ ಬರೆಯುವ ಹಕ್ಕು ಕೊಟ್ಟು ಫೋಲ್ಡರಿಗೆ ಕೊಡದಿದ್ದರೆ ಈ ಕೆಲಸ ನಡೆಯುವುದಿಲ್ಲ. ತಡೆದಿರುವುದು ವಿಂಡೋಸ್ ಡಿಫೆಂಡರಿನ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ, ಫೈಲುಗಳನ್ನು ಒತ್ತೆಯಿಟ್ಟುಕೊಳ್ಳುವ ವೈರಸ್ಸುಗಳ ವಿರುದ್ಧದ ಕಾವಲಾಗಿದ್ದರೆ ಅದರ ನಮೂದು ಡಿಫೆಂಡರಿನ ಇತಿಹಾಸದಲ್ಲಿರುತ್ತದೆ. ಅಲ್ಲಿ ಲೆಕ್ಕದ ತಂತ್ರಾಂಶವನ್ನು ಒಪ್ಪಿತ ಪಟ್ಟಿಗೆ ಸೇರಿಸಿದರಾಯಿತು.

ಅಧಿಕಾರವನ್ನು ಹೀಗೆ ವಿಂಗಡಿಸುವುದು ಈ ಸೀಮೆಗೆ ಹೊಸದೇನಲ್ಲ. ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆಯಂಥ ಸಣ್ಣ ಮೊತ್ತವನ್ನು ಮನೆಬಾಗಿಲಿನಲ್ಲಿ ಸಂಗ್ರಹಿಸುವ ಏಜೆಂಟರ ವ್ಯವಸ್ಥೆ ಬೆಳೆಯಿತು. ಹಣ ಸಂಗ್ರಹಿಸುವವರು ಒಬ್ಬರು, ಬ್ಯಾಂಕಿನ ಲೆಡ್ಜರನ್ನು ಇಡುವವರು ಇನ್ನೊಬ್ಬರು, ಹಣ ಕೊಟ್ಟವರ ಕೈಯಲ್ಲಿಯೂ ಒಂದು ದಾಖಲೆ. ಈ ಮೂರನ್ನೂ ತಾಳೆ ನೋಡಬಹುದಾದುದರಿಂದಲೇ ಅಪರಿಚಿತರ ನಡುವೆಯೂ ಅಂಥ ವ್ಯವಹಾರ ನಡೆಯಬಲ್ಲದು. ಕಂಪ್ಯೂಟರಿನಲ್ಲಿ ಎಲ್ಲರೂ ಒಂದೇ ಅಡ್ಮಿನ್ ಹೆಸರಿನಲ್ಲಿ ಕೆಲಸ ಮಾಡುವ ಕಚೇರಿ ಈ ತಾಳೆಯ ಸಾಧ್ಯತೆಯನ್ನೇ ಬಿಟ್ಟುಕೊಟ್ಟಂತೆ. ಕಾನೂನೂ ಈಗ ಇದೇ ದಿಕ್ಕಿನಲ್ಲಿದೆ: ಕಂಪನಿ ಕಾಯ್ದೆಯಡಿ ನೋಂದಣಿಯಾದ ಕಂಪನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದಾದರೆ, ಪ್ರತಿಯೊಂದು ಬದಲಾವಣೆಯನ್ನೂ ಅದರ ತಾರೀಕನ್ನೂ ದಾಖಲಿಸುವ, ನಿಲ್ಲಿಸಲು ಬಾರದ ಜಾಡು, ಅಂದರೆ ಆಡಿಟ್ ಟ್ರೇಲ್, ಇರುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಮತ್ತು ಲೆಕ್ಕಪರಿಶೋಧಕರು ಅದರ ಬಗ್ಗೆ ವರದಿಯಲ್ಲಿ ಹೇಳಬೇಕು. ಪಾಲುದಾರಿಕೆಯ ಅಂಗಡಿಗೂ ಒಬ್ಬರ ಒಡೆತನದ ವ್ಯಾಪಾರಕ್ಕೂ ಈ ನಿಯಮ ಅನ್ವಯಿಸದಿದ್ದರೂ ಅದರ ಹಿಂದಿನ ಅಗತ್ಯ ಅವರಿಗೂ ಇದ್ದೇ ಇದೆ. ಟ್ಯಾಲಿಯ ಎಡಿಟ್ ಲಾಗ್ ದಾಖಲಿಸುವುದು ಟ್ಯಾಲಿಯೊಳಗಿನ ಬಳಕೆದಾರರ ಹೆಸರನ್ನೇ ಹೊರತು ವಿಂಡೋಸಿನ ಖಾತೆಯನ್ನಲ್ಲ. ಆದುದರಿಂದ ವಿಂಡೋಸಿನಲ್ಲಿ ಎಷ್ಟು ಅಚ್ಚುಕಟ್ಟಾಗಿ ಖಾತೆಗಳನ್ನು ಮಾಡಿದರೂ, ಟ್ಯಾಲಿಯಲ್ಲಿ ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೊಕ್ಕರೆ ಜಾಡಿನಲ್ಲಿ ಉಳಿಯುವುದು ಆ ಒಂದೇ ಹೆಸರು, ಮತ್ತು ಏನೂ ಮಾಡದವರಿಗೆ ತಾವು ಮಾಡಿಲ್ಲವೆಂದು ತೋರಿಸಲು ದಾರಿಯಿರುವುದಿಲ್ಲ.

ಕನಿಷ್ಠ ಅಧಿಕಾರಕ್ಕೂ ಒಂದು ಮಿತಿಯಿದೆ. ವೋಚರ್ ಬರೆಯಲು ಬೇಕಾದ ಮಾಡಿಫೈ ಹಕ್ಕಿನಲ್ಲಿ ಅಳಿಸುವ ಹಕ್ಕೂ ಸೇರಿರುವುದರಿಂದ, ಟ್ಯಾಲಿಯೊಳಗೆ ಒಂದು ಬಿಲ್ಲನ್ನೂ ಅಳಿಸಲಾಗದ ಗುಮಾಸ್ತರು ಹೊರಗಿನಿಂದ ಇಡೀ ಡೇಟಾ ಫೋಲ್ಡರನ್ನು ಅಳಿಸಬಲ್ಲರು. ಅವರ ಖಾತೆಯಲ್ಲಿ ಹೊಕ್ಕ ಒತ್ತೆಯ ವೈರಸ್ಸೂ ಅದೇ ಹಕ್ಕಿನಿಂದ ಆ ಫೋಲ್ಡರನ್ನು ಹಾಳುಗೆಡವಬಲ್ಲದು, ಯಂತ್ರದ ಉಳಿದ ಭಾಗ ಮತ್ತು ಇತರರ ಫೈಲುಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ ಎಂಬುದೊಂದೇ ಲಾಭ. ಬಳಕೆದಾರರಿಗೆ ಡೇಟಾ ಫೋಲ್ಡರಿನ ನೇರ ಪ್ರವೇಶವೇ ಬೇಕಾಗದಂತೆ ನಡುವೆ ನಿಲ್ಲುವ ಟ್ಯಾಲಿಪ್ರೈಮ್ ಸರ್ವರ್ ಎಂಬ ಪ್ರತ್ಯೇಕ ಉತ್ಪನ್ನ ದೊಡ್ಡ ಕಚೇರಿಗಳಿಗೆ ಒದಗಬಹುದು, ಎರಡು ಕೌಂಟರಿನ ಅಂಗಡಿಗೆ ಅದರ ವೆಚ್ಚ ಹೊರೆಯೇ. ಅಲ್ಲಿ ಮಾಡಬಹುದಾದುದು, ಬ್ಯಾಕಪ್ಪನ್ನು ಲೆಕ್ಕದವರ ಗುಂಪಿಗೆ ಬರೆಯುವ ಹಕ್ಕಿಲ್ಲದ ಫೋಲ್ಡರಿಗೆ ಬೇರೊಂದು ಖಾತೆಯಿಂದ ತೆಗೆಯುವುದು ಮತ್ತು ಅದರ ಒಂದು ಪ್ರತಿಯನ್ನು ಕಂಪ್ಯೂಟರಿನಿಂದ ಬಿಡಿಸಿಟ್ಟ ಡಿಸ್ಕಿನಲ್ಲಿ ಇಡುವುದು. ಪೆನ್ ಡ್ರೈವುಗಳು ಸಾಮಾನ್ಯವಾಗಿ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ರೂಪದಲ್ಲಿರುತ್ತವೆ, ಆ ರೂಪಗಳಲ್ಲಿ ಅನುಮತಿಯ ಪಟ್ಟಿಯೇ ಇರುವುದಿಲ್ಲ. ಅದು ಯಾರ ಕೈಗೆ ಸಿಕ್ಕರೂ ತೆರೆಯುತ್ತದೆಯಾದ್ದರಿಂದ, ಲೆಕ್ಕದ ಪ್ರತಿಯಿರುವ ಪೆನ್ ಡ್ರೈವನ್ನು ಕಂಪ್ಯೂಟರಿನ ಪಕ್ಕದ ಡ್ರಾವರಿನಲ್ಲಿ ಬಿಡದೆ ನಗದು ಇಡುವಲ್ಲಿಯೇ ಇಡಬೇಕು, ಮತ್ತು ಅದರಿಂದ ಮರಳಿ ತಂದ ಕಂಪನಿ ಗುಮಾಸ್ತರ ಸಾಮಾನ್ಯ ಖಾತೆಯಲ್ಲಿ ತೆರೆಯುತ್ತದೆಯೇ ಎಂಬುದನ್ನು ವರ್ಷಾಂತ್ಯದ ಗಡಿಬಿಡಿಗೆ ಮುನ್ನವೇ ಒಮ್ಮೆ ನೋಡಿಡಬೇಕು.